ಮೋಟು ಪಿಸ್ತೂಲು, ಸಾವಿರ ಗಜ

ಕೋಲ್ಟರ್ ಬೆಂಡ್, ಮೊಂಟಾನಾ
10 ಮಾರ್ಚ್ 1996

ಡಾರ್ಲಾ,

ಮಗ ಕರ್ಟಿಸ್‌ನನ್ನು ಕೇಳಿ ನಿನ್ನ ವಿಳಾಸ ಪಡೆದೆ. "ಅವಳ ಹತ್ರ ನಿನಗೇನಪ್ಪಾ ಕೆಲಸ? ವಿಚ್ಛೇದನ ಆಗಿ ಎಷ್ಟು ದಿನ ಆಯ್ತು!" ಅಂದ. "ಆಗಿದ್ದು ನಿಮ್ಮಿಬ್ಬರಿಗೆ. ನನ್ನನ್ನ ಯಾವ ಜಡ್ಜೂ ಕರೆದು ಕೇಳಲಿಲ್ಲ" ಅಂದೆ. ಗೊಣಗಿಕೊಂಡೇ ಬರೆದುಕೊಟ್ಟ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಈ ಕಾಗದ.

ನಿನ್ನೆ ಗುರಿಮೈದಾನಕ್ಕೆ ಲೈಲ್ ಗ್ರೂಬರ್ ತನ್ನ ಹೊಸ ರೈಫಲ್ ತಂದಿದ್ದ. ಅದರ ನಳಿಗೆ ಅವನ ನಾಲಿಗೆಯಷ್ಟೇ ಉದ್ದ. ಸಾವಿರ ಗಜದಾಚೆ, ಜೇಡಿಗುಡ್ಡದ ಬುಡದಲ್ಲಿ ನಾವು ನಿಲ್ಲಿಸಿರುವ ಉಕ್ಕಿನ ತಗಡಿದೆಯಲ್ಲ, ಮನೆ ಬಾಗಿಲಿನಷ್ಟು ದೊಡ್ಡದು, ಅದಕ್ಕೆ ನಾಲ್ಕು ಸಲ ಹೊಡೆದ. ಆಮೇಲೆ ತಿಂಡಿಗೆ ಕೂತಾಗ ಆ ನಾಲ್ಕನ್ನೇ ಬಾಯಲ್ಲಿ ನಲವತ್ತು ಸಲ ಹೊಡೆದ. ನನಗೆ ತಲೆ ಕೆಟ್ಟುಹೋಯಿತು.

"ಆ ತಗಡಿಗೆ ಅಷ್ಟುದ್ದದ ಕೊಳವೆ ಯಾಕೋ? ಮೋಟು ಪಿಸ್ತೂಲಲ್ಲಿ ಹೊಡೀಬಹುದು" ಅಂದೆ.

"ಎಷ್ಟು ಮೋಟು?"

ಹೆಬ್ಬೆರಳು ತೋರಿಸಿದೆ. "ಎರಡಂಗುಲ."

ಲೈಲ್ ಮುಳ್ಳುಚಮಚ ಕೆಳಗಿಟ್ಟ. "ಎರಡಂಗುಲದ ನಳಿಗೆಯಲ್ಲಿ ಸಾವಿರ ಗಜ? ಕೇಳ್ರಪ್ಪಾ ಎಲ್ಲರೂ! ಈ ಮುದುಕ ಹೊಡೆದ ದಿನ ನಾನು ಮೀಸೆ ಬೋಳಿಸ್ತೀನಿ."

"ಹೊಡೀದಿದ್ರೆ ನಂದು ಬೋಳಿಸ್ತೀನಿ" ಅಂದೆ. ಕೋಪದಲ್ಲಿ ಕೊಯ್ದ ಮೂಗು ಅಂತಾರಲ್ಲ, ಹಾಗೆ ಮೀಸೆಯನ್ನು ಪಣಕ್ಕಿಟ್ಟೆ. ಸೆಪ್ಟೆಂಬರಿನ ಕಾರ್ಮಿಕರ ದಿನದ ಹಿಂದಿನ ಶನಿವಾರ ಅಂತ ಗೊತ್ತಾಗಿದೆ. ಆಗಸ್ಟ್ ಕೊನೆ.

ಮನೆಗೆ ಬಂದ ಮೇಲೆ ನೆನಪಾಯಿತು, ನನ್ನ ಹತ್ತಿರ ಅಂಥ ಮೋಟು ಪಿಸ್ತೂಲು ಇರುವುದು ಒಂದೇ. ನಿನ್ನದು. ನೀನು ಊರು ಬಿಡುವ ದಿನ ಅದನ್ನು ಕಾಗದದ ಚೀಲದಲ್ಲಿ ಸುತ್ತಿ ತಂದು ನನ್ನ ಕಾರ್ಖಾನೆಯ ಲೇತ್ ಯಂತ್ರದ ಪಕ್ಕದಲ್ಲಿಟ್ಟು, "ಕರಗಿಸಿಬಿಡಿ ಮಾವ" ಅಂದಿದ್ದೆ. ನಾನು ಕರಗಿಸಲಿಲ್ಲ. ಯಾಕೆಂದು ಕೇಳಬೇಡ. ಒಡತಿಯನ್ನು ಕೇಳದೆ ಮುಟ್ಟುವುದು ನನಗೆ ಸರಿ ಕಾಣಲಿಲ್ಲ. ಮುಟ್ಟಬಹುದಾ ಹೇಳು.

ಇಲ್ಲಿ ನದಿಯ ಮಂಜುಗಡ್ಡೆ ಒಡೆದು ಹರಿಯತೊಡಗಿದೆ. ನನ್ನ ಮೊಣಕಾಲು ಹಾಗೇ ಇದೆ.

ವೆಂಡೆಲ್ ಆಮ್‌ಡಾಲ್


ಸಾಲ್ಮನ್ ಫೋರ್ಕ್, ಐಡಹೊ
21 ಮಾರ್ಚ್ 1996

ಶ್ರೀ ಆಮ್‌ಡಾಲ್ ಅವರಿಗೆ,

ಕೊಟ್ಟ ಮೇಲೆ ಅದು ನನ್ನದಲ್ಲ. ಏನು ಬೇಕಾದರೂ ಮಾಡಿಕೊಳ್ಳಿ.

ಆದರೆ ಅದನ್ನು ಮಾಡಿರುವುದೇ ಮೂರು ಹೆಜ್ಜೆ ದೂರಕ್ಕೆ. ಯಾವ ಕೆಲಸಕ್ಕೆ ಮಾಡಿದ್ದರೋ ಆ ಕೆಲಸವನ್ನು ರಸ್ ಪೆಟಿಟ್‌ನ ಅಡುಗೆಮನೆಯಲ್ಲಿ ಒಂದು ಸಲ ಮಾಡಿತು. ಅಷ್ಟು ಸಾಕು. ಸಾವಿರ ಗಜಕ್ಕೆ ಅದರಿಂದ ಏನೂ ಆಗದು. ಮೀಸೆಗೆ ಈಗಲೇ ಕತ್ತರಿ ಹುಡುಕಿಟ್ಟುಕೊಳ್ಳಿ.

ಇಲ್ಲಿ ಮೀನುಮರಿ ಸಾಕುವ ಕೆಲಸದಲ್ಲಿದ್ದೇನೆ. ತೊಟ್ಟಿಗಳ ನೀರು ಬದಲಿಸುವುದು, ಮೇವು ಹಾಕುವುದು, ಸತ್ತವನ್ನು ಬಲೆಯಲ್ಲಿ ಎತ್ತಿ ಹಾಕುವುದು. ನಾನು ಮೊದಲು ಪೊಲೀಸಾಗಿದ್ದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಹಾಗೇ ಇರಲಿ.

ಆ ಪಿಸ್ತೂಲಿನ ವಿಷಯ ದಯವಿಟ್ಟು ನನಗೆ ಬರೆಯಬೇಡಿ.

ಡಾರ್ಲಾ ಟೀಗ್


ಕೋಲ್ಟರ್ ಬೆಂಡ್
5 ಮೇ 1996

ಡಾರ್ಲಾ,

ನೀನು ಬೇಡ ಅಂದ ವಿಷಯ ಬರೆಯುವುದಿಲ್ಲ. ಉಕ್ಕಿನಲ್ಲಿ ಒಂದು ಬೆಣೆ ಮಾಡಿದ್ದೇನೆ, ಆ ಬೆಣೆಯ ವಿಷಯ ಬರೆಯುತ್ತೇನೆ. ಬೆಣೆಯ ಬಗ್ಗೆ ನೀನು ಏನೂ ಹೇಳಿಲ್ಲ.

ಎರಡಂಗುಲದ ನಳಿಗೆಯಿಂದ ಹೊರಟ ಗುಂಡು ನಿಧಾನಿ. ಸಾವಿರ ಗಜ ಮುಟ್ಟಬೇಕಾದರೆ ಕಲ್ಲೆಸೆದ ಹಾಗೆ ಎತ್ತರಕ್ಕೆ ಎಸೆಯಬೇಕು. ನಳಿಗೆ ಆಕಾಶ ನೋಡಬೇಕು, ಹೊಡೆಯುವವನ ಕಣ್ಣು ತಗಡನ್ನು ನೋಡಬೇಕು. ಇವೆರಡಕ್ಕೆ ರಾಜಿ ಮಾಡಿಸುವುದೇ ಬೆಣೆಯ ಕೆಲಸ. ಹಿಂದೆ ದಪ್ಪ, ಮುಂದೆ ತೆಳು. ಅದನ್ನು ಮೇಲೆ ಕೂರಿಸಿ, ಅದರ ಮೇಲೆ ಕೆಂಪು ಚುಕ್ಕೆ ಹೊಳೆಯುವ ಗುರಿಗಾಜು ಕೂರಿಸಿದೆ. ಉದ್ದ ನಳಿಗೆಯಾಗಿದ್ದರೆ ಮೇಲೆದ್ದ ಅದರ ಮೂತಿಯೇ ಗಾಜಿಗೆ ಅಡ್ಡ ಬಂದು ತಗಡು ಕಾಣುತ್ತಿರಲಿಲ್ಲ. ಮೋಟಾದದ್ದೇ ಒಳ್ಳೆಯದಾಯಿತು. ಲೈಲ್‌ಗೆ ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಕೂತು ಹೊಡೆದರೆ ಕೈ ನಿಲ್ಲುವುದಿಲ್ಲ. ಹಳೆಯ ಕಾಲದವರ ಹಾಗೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಕೈಯನ್ನು ಕಾಲಿಗೆ ಆನಿಸಿ ಹೊಡೆದೆ. ಗುಂಡು ತುಂಬಿದ, ತಿರುಗುವ ಉರುಳೆಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದಲ್ಲ, ಅಲ್ಲಿಂದ ಬೆಂಕಿ ಚಿಮ್ಮುತ್ತದೆ ಅನ್ನುವುದನ್ನೇ ಮರೆತಿದ್ದೆ. ಪ್ಯಾಂಟು ಹೊಗೆಯಾಡತೊಡಗಿತು. ಲೈಲ್ ತನ್ನ ಕಾಫಿಯನ್ನೇ ನನ್ನ ಕಾಲ ಮೇಲೆ ಸುರಿದ. "ಏ ಮುದುಕ, ಪ್ಯಾಂಟಿಗೆ ಬೆಂಕಿ ಇಟ್ಕೊಳ್ಳೋಕೆ ಸಾವಿರ ಗಜ ದೂರ ಯಾಕೋ? ಮನೇಲೇ ಒಲೆ ಇರಲಿಲ್ವಾ?" ಈಗ ಕಾಲಿಗೆ ಹಳೆಯ ಕುದುರೆಜೀನಿನ ಚರ್ಮ ಕಟ್ಟಿಕೊಂಡಿದ್ದೇನೆ.

ಗುಂಡು ಎಲ್ಲಿ ಬಿತ್ತೆಂದು ಧೂಳು ನೋಡಿ ತಿಳಿಯಬೇಕು. ನನಗೆ ಧೂಳು ಕಾಣುತ್ತಿಲ್ಲ. ಈ ಸಲ ಮಳೆ ಬಿದ್ದು ಗುಡ್ಡ ಹಸಿಯಾಗಿದೆ, ಅದಕ್ಕೇ ಇರಬೇಕು. ಲೈಲ್ ಮಾತ್ರ ಕಂಡಿತು ಕಂಡಿತು ಅನ್ನುತ್ತಾನೆ.

ಕಾಫಿಪುಡಿಗೆ ಈಗಲೂ ಇರ್ಮಾ ಪೆಟಿಟ್‌ಳ ಅಂಗಡಿಗೇ ಹೋಗುತ್ತೇನೆ. ಮಗ ರಸ್ ಸತ್ತ ಮೇಲೆ ಅವಳು ನನ್ನ ಹತ್ತಿರ ಬೆಲೆ ಬಿಟ್ಟು ಬೇರೆ ಮಾತಾಡಿಲ್ಲ. ಆದರೂ ಹೋಗುತ್ತೇನೆ. ಬೇರೆ ಅಂಗಡಿಗೆ ಹೋದರೆ ಅದಕ್ಕೂ ಒಂದು ಅರ್ಥ ಬರುತ್ತದೆ.

ವೆಂಡೆಲ್


ಸಾಲ್ಮನ್ ಫೋರ್ಕ್
2 ಜೂನ್ 1996

ಆಮ್‌ಡಾಲ್ ಅವರೇ,

ನಿಮ್ಮ ಮೊದಲ ಕಾಗದದ ಅಕ್ಷರ ಕಡಲೆಕಾಳಿನಷ್ಟಿತ್ತು. ಎರಡನೆಯದರಲ್ಲಿ ಸುಲಿದ ಬಾದಾಮಿಯಷ್ಟಾಗಿದೆ. ಸಾಲುಗಳು ಬಲಕ್ಕೆ ಹೋಗುತ್ತ ಇಳಿಯುತ್ತವೆ. ಲೇತಿನಲ್ಲಿ ಕೂದಲು ಸೀಳುವ ಮನುಷ್ಯ ನೀವು, ನಿಮ್ಮ ಸಾಲು ಹೀಗೆ ಇಳಿಯುವುದಿಲ್ಲ. ಹಸಿ ಗುಡ್ಡದ ಧೂಳು ಲೈಲ್‌ಗೆ ಕಂಡು ನಿಮಗೆ ಯಾಕೆ ಕಾಣುವುದಿಲ್ಲ? ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೀರಾ? ಕರ್ಟಿಸ್‌ಗೆ ಹೇಳಿದ್ದೀರಾ? ಹೇಳಿರುವುದಿಲ್ಲ.

ಇನ್ನೊಂದು. ನೀವು ಬೆಣೆಯ ಓರೆಯನ್ನು ಹೇಗೆ ಗೊತ್ತು ಮಾಡಿದಿರಿ? ಮೇಜಿನ ಇಕ್ಕಳದಲ್ಲಿ ಬಿಗಿದು ಹೊಡೆದು ನೋಡಿದ್ದರೆ ಅದು ತಪ್ಪು. ಇಕ್ಕಳದಲ್ಲಿದ್ದಾಗ ಒಂದು ಕಡೆ ಹೋಗುತ್ತದೆ, ಕೈಯಲ್ಲಿದ್ದಾಗ ಇನ್ನೊಂದು ಕಡೆ. ಗುಂಡು ಹೊರಡುವ ಮೊದಲೇ ಅದು ಅಂಗೈಯಲ್ಲಿ ಎಗರಲು ಶುರುಮಾಡಿರುತ್ತದೆ. ಯಾರು ಹೊಡೆಯುತ್ತಾರೋ ಅವರ ಕೈಗೇ ಅದನ್ನು ಹೊಂದಿಸಬೇಕು. ಭಾರದ ಗುಂಡು ಹಾಕಿ. ಒಂದೇ ಸಲ ತಯಾರಾದ ಗುಂಡಿನ ಪೆಟ್ಟಿಗೆಗಳನ್ನೇ ಕೊಳ್ಳಿ. ತಣ್ಣನೆಯ ಬೆಳಿಗ್ಗೆ ಮದ್ದು ಸೋಮಾರಿಯಾಗುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಪೆಟ್ಟಿಗೆಯನ್ನು ಜೇಬಿನಲ್ಲಿಟ್ಟು ಬೆಚ್ಚಗಿಡಿ.

ಇದನ್ನೆಲ್ಲ ಬರೆಯಬಾರದು ಎಂದುಕೊಂಡೇ ಕೂತಿದ್ದೆ.

ಡಾರ್ಲಾ


ಕೋಲ್ಟರ್ ಬೆಂಡ್
30 ಜೂನ್ 1996

ಡಾರ್ಲಾ,

ಬಿಲ್ಲಿಂಗ್ಸ್‌ನ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಲೈಲ್ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಬಾಯಿ ಮುಚ್ಚಿದ್ದ, ಆಗಲೇ ನನಗೆ ಹೆದರಿಕೆ ಆಯಿತು.

ಎರಡೂ ಕಣ್ಣಿನ ನಡುಭಾಗ ಸವೆದುಹೋಗುತ್ತಿದೆಯಂತೆ. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಡಾಕ್ಟರ ಕಿವಿ ಕಂಡಿತು, ಮುಖ ಕಾಣಲಿಲ್ಲ. ಔಷಧಿ ಇಲ್ಲ. ಪೂರ್ತಿ ಕತ್ತಲೆಯೂ ಆಗುವುದಿಲ್ಲ ಅಂದರು. ಗಾಡಿ ಓಡಿಸಬೇಡಿ ಅಂದರು. ಲೇತಿನ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕರ್ಟಿಸ್‌ಗೆ ಈಗ ಹೇಳಿದ್ದೇನೆ. ಅವನ ಹೆಂಡತಿ ಮಿಸ್ಟಿಗೆ ಅಕ್ಟೋಬರಿನಲ್ಲಿ ಹೆರಿಗೆ. ಆ ಗಡಿಬಿಡಿಯಲ್ಲೂ ಭಾನುವಾರ ಬಂದು ಹುಲ್ಲು ಕತ್ತರಿಸಿ ಹೋದ.

ವಾಪಸು ಬರುವಾಗ ಲೈಲ್‌ಗೆ ಹೇಳಿದೆ: "ಸೋತೆ ಕಣಪ್ಪಾ. ಗಾಡಿ ಕ್ಷೌರದಂಗಡಿಗೇ ತಿರುಗಿಸು."

ಅವನು ಗಾಡಿಯನ್ನು ರಸ್ತೆ ಪಕ್ಕಕ್ಕೆ ಹಾಕಿ ನಿಲ್ಲಿಸಿಬಿಟ್ಟ. "ಕಣ್ಣು ಹೋದವನ ಮೀಸೆ ಕಿತ್ಕೊಳ್ಳೋಷ್ಟು ಗತಿಗೆಟ್ಟಿಲ್ಲ ನಾನು. ಪಿಸ್ತೂಲು ಸಜ್ಜು ಮಾಡಿದ್ದು ನೀನು, ಪಣ ಪಿಸ್ತೂಲಿನ ಮೇಲೆ. ಯಾರ ಕೈಲಾದರೂ ಹೊಡೆಸು. ಧೂಳು ನೋಡಿ ಹೇಳೋಕೆ ದುರ್ಬೀನಿನ ಹತ್ರ ನಾನೇ ಕೂರ್ತೀನಿ."

"ನಿನ್ನ ಮೀಸೆ ಹೋಗೋ ಆಟದಲ್ಲಿ ದುರ್ಬೀನು ನಿನ್ನ ಕೈಲಾ? ನಂಬಬೇಕಾ ನಾನು?"

"ನಂಬದಿದ್ರೆ ಬಿಲ್ಲಿಂಗ್ಸ್‌ವರೆಗೆ ಯಾಕೆ ನನ್ನ ಗಾಡೀಲಿ ಬಂದೆ?" ಅಂದ.

ಆಟದ ಗೆಳೆಯರೆಲ್ಲ ಒಂದೊಂದು ಸಲ ಹಿಡಿದು ನೋಡಿದರು. ಎಲ್ಲರದೂ ಸಲಿಕೆಯಂಥ ಕೈ. ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಅದು ಸಣ್ಣ ಕೈಗೆ ಮಾಡಿದ ಸಾಮಾನು.

ನಿನ್ನನ್ನು ನಾನು ಏನೂ ಕೇಳುತ್ತಿಲ್ಲ. ನಡೆದದ್ದು ಬರೆದೆ ಅಷ್ಟೇ.

ವೆಂಡೆಲ್


ಸಾಲ್ಮನ್ ಫೋರ್ಕ್
28 ಜುಲೈ 1996

ಮಾವ,

ಕಾಗದ ತಲುಪಿ ತುಂಬ ದಿನವಾಯಿತು. ಉತ್ತರವನ್ನು ಮೂರು ಸಲ ಬರೆದು ಹರಿದೆ.

ನನ್ನಿಂದ ಆಗುವುದಿಲ್ಲ. ಇದು ಹಟವಲ್ಲ. ಹೋದ ವಾರ ಇಲ್ಲಿಯ ಮೇಸ್ತ್ರಿ ಮೀನು ತಿನ್ನಲು ಬರುವ ಬಕಪಕ್ಷಿಗಳನ್ನು ಓಡಿಸಲು ಒಂದು ಪಟಾಕಿ ಹಾರಿಸಿದ. ಬರೀ ಪಟಾಕಿ. ನಾನು ಮೇವಿನ ಬಕೆಟ್ಟು ಬಿಟ್ಟು ಪಂಪಿನ ಮನೆಯ ಹಿಂದೆ ಹೋಗಿ ಕೂತೆ. ಬಿಸಿಲಿಗೆ ತಲೆ ಸುತ್ತಿತು ಎಂದು ಸುಳ್ಳು ಹೇಳಿದೆ. ಮೇಸ್ತ್ರಿ ಒಳ್ಳೆಯವನು, ನಂಬಿದ.

ಇಂಥವಳ ಕೈಗೆ ನೀವು ಅದನ್ನು ಕೊಡುವುದುಂಟೆ? ಕೊಡಬೇಡಿ.

ಈ ಹಾಳೆಯ ಹಿಂದೆ ನನ್ನ ಬಲಗೈ ಊರಿ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದೇನೆ. ಹಿಡಿಕೆ ಮಾಡುವವರಿಗೆ ಅಳತೆ ಬೇಕಾಗುತ್ತದೆ. ಬರುತ್ತೇನೆ ಅಂತಲ್ಲ. ಅಳತೆ ಇರಲಿ.

ಡಾರ್ಲಾ


ಕೋಲ್ಟರ್ ಬೆಂಡ್
12 ಆಗಸ್ಟ್ 1996

ಡಾರ್ಲಾ,

ಹಿಡಿಕೆ ಆಯಿತು. ವಾಲ್‌ನಟ್ ಮರದ್ದು. ಕಣ್ಣಿಂದ ಮಾಡಲಿಲ್ಲ, ಹೆಬ್ಬೆರಳಿಂದ ತಡವಿ ತಡವಿ ಉಜ್ಜಿದೆ. ನಿನ್ನ ಗೀಟಿನ ಪ್ರಕಾರ ಕಿರುಬೆರಳಿಗೂ ಜಾಗವಿದೆ. ಗುರಿಗಾಜಿನ ತಿರುಪು ಕಟಕ್ ಕಟಕ್ ಎಂದು ಬೆರಳಿಗೆ ತಿಳಿಯುತ್ತದೆ. ಅದಕ್ಕೂ ಕಣ್ಣು ಬೇಡ.

ಊರಲ್ಲಿ ಗಾಳಿಮಾತು ಹಬ್ಬುವ ಮೊದಲು ಇರ್ಮಾಗೆ ನಾನೇ ಹೇಳುವುದು ವಾಸಿ ಅನ್ನಿಸಿತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಡಾರ್ಲಾ ಬಂದರೂ ಬರಬಹುದು, ಇರ್ಮಾ. ಗುರಿಮೈದಾನಕ್ಕೆ" ಅಂದೆ.

"ಅದೇ ಪಿಸ್ತೂಲಾ?"

"ಅದೇ."

ಅವಳು ಡಬ್ಬಿಗಳನ್ನು ಒರೆಸುತ್ತಲೇ ಇದ್ದಳು. ಆಮೇಲೆ ಹೇಳಿದಳು: "ನನ್ನ ಮಗ ಅವತ್ತು ಬಂದೂಕು ಹಿಡಿದು ನಿಂತಿದ್ದ ಅಂತ ನನಗೆ ಗೊತ್ತು ವೆಂಡೆಲ್. ಮೊಮ್ಮಗಳು ಬದುಕಿದಾಳೆ ಅಂತಲೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆ ತಣ್ಣಗಾಗಲ್ಲ. ಅವತ್ತು ನಾನು ಬಾಗಿಲು ಹಾಕ್ಕೊಂಡು ತಂಗಿ ಮನೆಗೆ ಹೋಗ್ತೀನಿ. ಸದ್ದು ನನ್ನ ಕಿವಿಗೆ ಬೀಳಬಾರದು."

ಸಿಟ್ಟಿರಲಿಲ್ಲ. ಕ್ಷಮೆಯೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ನಿನಗೆ ಬರೆದಿದ್ದೇನೆ. ಬರುವುದೂ ಬಿಡುವುದೂ ನಿನಗೆ ಸೇರಿದ್ದು. ನೀನು ಬಾರದಿದ್ದರೆ ಮೀಸೆ ಹೋಗುತ್ತದೆ, ಮೀಸೆ ಮತ್ತೆ ಬೆಳೆಯುತ್ತದೆ.

ವೆಂಡೆಲ್


ಸಾಲ್ಮನ್ ಫೋರ್ಕ್
8 ಸೆಪ್ಟೆಂಬರ್ 1996

ಮಾವ,

ಗುರಿಮೈದಾನದಲ್ಲಿ ನೀವು ನನ್ನ ಪಕ್ಕದಲ್ಲೇ ಇದ್ದಿರಿ. ಆದರೂ ನಿಮಗೆ ಕಾಣದ್ದನ್ನು ಯಾರಾದರೂ ಹೇಳಬೇಕಲ್ಲ. ಇದನ್ನು ಲೈಲ್ ಓದಿ ಹೇಳುತ್ತಿರುತ್ತಾರೆ. ಲೈಲ್, ಒಂದೂ ಬಿಡದೆ ಓದಿ.

ಪಂದ್ಯದ ಹಿಂದಿನ ದಿನ, ಶುಕ್ರವಾರ, ನಾನು ಬಂದಾಗ ನೀವು ಕಾರ್ಖಾನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದಿರಿ. ನನ್ನ ಗಾಡಿಯ ಸದ್ದಿಗೆ ಎದ್ದು ಪಕ್ಕಕ್ಕೆ ಮುಖ ತಿರುಗಿಸಿದಿರಿ. ನೋಡಲು ಇಷ್ಟವಿಲ್ಲವೇನೋ ಅಂದುಕೊಂಡೆ. ಈಗ ನಿಮಗೆ ನನ್ನನ್ನು ನೋಡಬೇಕಾದರೆ ಬೇರೆ ಕಡೆ ತಿರುಗಬೇಕು ಅನ್ನುವುದು ಹೊಳೆಯಲು ಹೊತ್ತು ಹಿಡಿಯಿತು.

ನೀವು ಅದನ್ನು ಮೇಜಿನ ಮೇಲಿಟ್ಟು, ಕಾಫಿಗೆ ನೀರಿಡುತ್ತೇನೆ ಎಂದು ಒಳಗೆ ಹೋದಿರಿ. ಕಾಫಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. ನಾನು ಮೊದಲು ಹಿಡಿಕೆಯನ್ನು ಮಾತ್ರ ಮುಟ್ಟಿದೆ. ನನ್ನ ಕೈಯನ್ನೇ ಮರದಲ್ಲಿ ಕಡೆದಿಟ್ಟ ಹಾಗಿತ್ತು. ಕೈ ನಡುಗಿತು. ನಡುಗಿದರೂ ಹಿಡಿಕೆ ಜಾರಲಿಲ್ಲ.

ಶನಿವಾರ ಮೊದಲ ಐದು ಗುಂಡುಗಳು ಎಲ್ಲಿ ಹೋದವೋ ದೇವರಿಗೇ ಗೊತ್ತು. "ಗಡಿಯಾಚೆ ನಾರ್ತ್ ಡಕೋಟಾಕ್ಕೆ ಫೋನು ಮಾಡಿ ಕೇಳಬೇಕೇನಮ್ಮಾ?" ಎಂದು ಲೈಲ್ ದುರ್ಬೀನಿನ ಹಿಂದಿನಿಂದ ಕೂಗಿದರು. ಎಲ್ಲರೂ ನಕ್ಕರು. ಆ ನಗುವಿನಿಂದ ನನಗೆ ಒಳ್ಳೆಯದೇ ಆಯಿತು. ಎಲ್ಲರೂ ನನ್ನನ್ನು ಕನಿಕರದಿಂದ ನೋಡುತ್ತಿದ್ದರು, ಅದು ತಪ್ಪಿತು. ಆಮೇಲೆ ತಗಡಿಗಿಂತ ತುಂಬ ಈಚೆ ಧೂಳೆದ್ದಿತು. ನೀವು ನನ್ನ ಪಕ್ಕ ಮಂಡಿಯೂರಿ ತಿರುಪು ತಿರುಗಿಸಿದಿರಿ. ಕಟಕ್ ಕಟಕ್. ಆಮೇಲೆ ಆಚೆ. ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಒಂದೇ ಕಡೆ ಗುರಿಯಿಟ್ಟ ಐದೂ ಐದು ಕಡೆ ಬೀಳುತ್ತಿದ್ದವು. ಉರುಳೆ ಬಿಸಿಯಾದಾಗ ನೀವು ಒದ್ದೆ ಬಟ್ಟೆ ಸುತ್ತುತ್ತಿದ್ದಿರಿ.

ಸೂರ್ಯ ನೆತ್ತಿಗೆ ಬರುವವರೆಗೆ ಗಡುವು. ಅದಕ್ಕೆ ಮೊದಲೇ ಪಶ್ಚಿಮದಿಂದ ಗಾಳಿ ಎದ್ದಿತು. ನೀವು ಮೂಗೆತ್ತಿ, "ಇದು ನದಿ ಕಡೆಯದು, ನಿಲ್ಲಲ್ಲ, ಒಂದೇ ಸಮ ಬೀಸುತ್ತೆ. ಗುಂಡನ್ನ ಬಲಕ್ಕೆ ತಳ್ಳುತ್ತೆ. ತಗಡನ್ನ ಬಿಡು. ಅದರ ಎಡಕ್ಕಿರೋ ಜೂನಿಪರ್ ಗಿಡಕ್ಕೆ ಹೊಡಿ" ಅಂದಿರಿ. ಆ ಗಿಡ ನಿಮಗೆ ಕಾಣುತ್ತಿರಲಿಲ್ಲ. ಅಲ್ಲಿದೆ ಎಂದು ನಿಮಗೆ ಗೊತ್ತಿತ್ತು.

ನಾನು ಗಿಡದ ಮೇಲೆ ಕೆಂಪು ಚುಕ್ಕೆ ಇಟ್ಟೆ. ಹೊಡೆದೆ. ಕಾದೆ. ಸದ್ದು ಗುಡ್ಡಕ್ಕೆ ಬಡಿದು ವಾಪಸು ಬಂತು. ಧೂಳು ಏಳಲಿಲ್ಲ. ಲೈಲ್ ದುರ್ಬೀನಿನಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟರು. ಅದು ನಿಮಗೆ ಕಂಡಿರಲಿಲ್ಲ. ನೀವು, "ಏನಾಯ್ತೋ ಲೈಲ್? ಬಾಯಲ್ಲಿ ಬೆಲ್ಲ ಇಟ್ಕೊಂಡಿದೀಯಾ?" ಅಂದಿರಿ. ಅವರು ತಪ್ಪಿತು ಅಂದಿದ್ದರೆ ತಪ್ಪಿತು ಅಂತಲೇ ಆಗುತ್ತಿತ್ತು. ದುರ್ಬೀನು ಇದ್ದದ್ದು ಅವರ ಹತ್ತಿರ ಮಾತ್ರ, ಗಡುವೂ ಮುಗಿದಿತ್ತು.

"ಥೂ, ನನ್ನ ಹಣೆಬರಹ!" ಅಂದರು ಲೈಲ್. "ಹೊಡೀತು ಕಣೋ. ಕೆಳಗೆ, ಎಡಮೂಲೆ. ಬಿಳಿ ಬಣ್ಣ ಹಾರಿ ಕಪ್ಪಾಗಿದೆ."

ನಾವೆಲ್ಲ ಗಾಡಿ ಹತ್ತಿ ಹೋದೆವು. ನೀವು ತಗಡಿನ ಅಂಚನ್ನು ತಡವುತ್ತ ಬಂದು ಆ ಜಾಗ ಸಿಕ್ಕಿದಾಗ ಹೆಬ್ಬೆರಳಿಟ್ಟು ಉಜ್ಜಿದಿರಿ. ಬೆರಳಿಗೆ ಸೀಸ ಮೆತ್ತಿಕೊಂಡಿತು. ಅದನ್ನು ಮೂಸಿ ನೋಡಿದಿರಿ. ನಿಮ್ಮ ಮುಖ ಹೇಗಿತ್ತು ಎಂದು ನಿಮಗೇ ಗೊತ್ತಿರುವುದಿಲ್ಲ. ಹಲ್ಲು ಬಿದ್ದ ಹುಡುಗನ ಹಾಗಿತ್ತು.

ಇನ್ನು ನಾನು ಅಲ್ಲಿ ಹೇಳದೆ ಬಂದದ್ದು.

ರಸ್ ಪೆಟಿಟ್‌ನ ಮನೆಗೆ ನಾನು ಡ್ಯೂಟಿಯ ಮೇಲೆ ಹೋದದ್ದಲ್ಲ. ಪಕ್ಕದ ಮನೆಯವರು ಕೂಗಿದರು, ಹೋದೆ. ಕೋಟಿನಲ್ಲಿ ಇದೊಂದೇ ಇತ್ತು. ಅವನು ಬಂದೂಕನ್ನು ಹೆಂಡತಿಯ ಕಡೆ ತಿರುಗಿಸಿದ್ದ, ಮಗು ಮೇಜಿನ ಕೆಳಗಿತ್ತು. ಕೆಳಗಿಡು ಎಂದು ಕೂಗಿದೆ. ಇಡಲಿಲ್ಲ. ನನ್ನ ಬೆರಳು ಮಡಚಿದ್ದೂ ಅವನು ಬಿದ್ದದ್ದೂ ಬೇರೆ ಬೇರೆಯಾಗಿ ನನಗೆ ನೆನಪಿಲ್ಲ. ನಡುವೆ ಏನೂ ಇರಲಿಲ್ಲ. ವಿಚಾರಣೆಯವರು ನಾನು ಮಾಡಿದ್ದು ಸರಿ ಎಂದರು. ನನ್ನ ತೊಂದರೆ ಸರಿ ತಪ್ಪಿನದಾಗಿರಲಿಲ್ಲ. ಆ ಗುಂಡಿನ ಹಿಂದೆ ನಾನು ಇದ್ದೆನೋ ಇಲ್ಲವೋ ಎಂದೇ ನನಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಲು ಹೊತ್ತೇ ಸಿಕ್ಕಿರಲಿಲ್ಲ.

ಆ ಶನಿವಾರ ಪ್ರತಿ ಗುಂಡೂ ಹೊರಟ ಮೇಲೆ ಅಷ್ಟು ಹೊತ್ತು ಆಕಾಶದಲ್ಲೇ ಇರುತ್ತಿತ್ತು. ನಾನು ಮಲಗಿಕೊಂಡು ಕಾಯುತ್ತಿದ್ದೆ. ಇದನ್ನು ಕಳಿಸಿದವಳು ನಾನು, ಇನ್ನೂ ಎಲ್ಲೂ ಮುಟ್ಟಿಲ್ಲ, ಮುಟ್ಟಿದರೂ ಅಲ್ಲಿ ಯಾರೂ ಇಲ್ಲ. ಬೆಳಗಿನಿಂದ ಅದನ್ನೇ ಎಷ್ಟು ಸಲ ಅಂದುಕೊಂಡೆನೋ. ಕೊನೆಕೊನೆಗೆ ಕೈ ನಡುಗುವುದು ನಿಂತಿತ್ತು. ನಿಂತದ್ದು ನನಗೂ ಆಮೇಲೆ ತಿಳಿಯಿತು.

ಅದನ್ನು ಈಗ ಕರಗಿಸಬೇಡಿ. ಬೆಣೆಯನ್ನೂ ತೆಗೆಯಬೇಡಿ. ಅದು ಹತ್ತಿರದ ಯಾವುದಕ್ಕೂ ಗುರಿಯಿಡಲಾರದ ಹಾಗೆ ನೀವು ಮಾಡಿದ್ದೀರಿ. ಹಾಗೇ ಇರಲಿ.

ಹೊರಡುವಾಗ ಇರ್ಮಾಳ ಅಂಗಡಿಯ ಮುಂದೆ ಗಾಡಿ ನಿಧಾನ ಮಾಡಿದೆ. ಬಾಗಿಲು ಹಾಕಿತ್ತು. ಇಳಿಯಲಿಲ್ಲ.

ಡಾರ್ಲಾ


ಕೋಲ್ಟರ್ ಬೆಂಡ್
3 ನವೆಂಬರ್ 1996

ಡಾರ್ಲಾ,

ಇದು ಲೈಲ್‌ನ ಕೈಬರಹ. ಅವನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ ಅಂತ ಕೇಳಿದ್ದೇನೆ. (ಸುಳ್ಳು. ನನ್ನ ಅಕ್ಷರ ಚೆನ್ನಾಗಿದೆ. ಲೈಲ್.) ನಾನು ಹೇಳಿದ್ದನ್ನು ಮಾತ್ರ ಬರಿ ಅಂತ ಹೇಳಿದ್ದೇನೆ.

ಕರ್ಟಿಸ್‌ಗೆ ಹೆಣ್ಣುಮಗು. ಮಿಸ್ಟಿ ಆರೋಗ್ಯವಾಗಿದ್ದಾಳೆ. ಮಗು ನನ್ನ ತೊಡೆಯ ಮೇಲೆ ಮಲಗಿದಾಗ ಅದರ ಕಾಲು ಕಾಣುತ್ತದೆ, ಮುಖಕ್ಕೆ ಕೈಯಿಟ್ಟು ನೋಡುತ್ತೇನೆ. ಕಿವಿ ನಮ್ಮ ಕಡೆಯದು.

ಲೇತಿಗೆ ಗವಸು ಹೊದಿಸಿದೆ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಹೇಳುವುದಿಲ್ಲ.

ಮೀಸೆ ಹೋದ ಮೇಲೆ ಲೈಲ್‌ನ ಮೇಲ್ದುಟಿ ಕೋಳಿಮೊಟ್ಟೆಯ ಹಾಗೆ ಬೆಳ್ಳಗಿದೆಯಂತೆ. ಅಂಗಡಿಯಲ್ಲಿ ಹೆಂಗಸರು ಅವನನ್ನು ಗುರುತು ಹಿಡಿಯಲಿಲ್ಲವಂತೆ. (ಹಿಡಿದರು.) ಇಷ್ಟೇ ಸಮಾಚಾರ. ಚಳಿ ಜಾಸ್ತಿ, ಬೆಚ್ಚಗಿರು.

ವೆಂಡೆಲ್

ಈಗ ನಾನು ಬರೆಯುತ್ತೇನೆ ಡಾರ್ಲಾ, ಮುದುಕ ಒಲೆಗೆ ಸೌದೆ ಹಾಕಲು ಎದ್ದು ಹೋಗಿದ್ದಾನೆ. ಈ ತಿಂಗಳ ಕೊನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಿನ್ನನ್ನು ಕರೆಯಬೇಕು ಅಂತ ಒಂದು ವಾರದಿಂದ ಬಾಯಿ ತೆರೆದು ಮುಚ್ಚುತ್ತಿದ್ದಾನೆ. ಮೊನ್ನೆ ಕರ್ಟಿಸ್ ಎದುರಿಗೇ ಅಂದ, "ಊಟಕ್ಕೆ ನನ್ನ ಸೊಸೆ ಬಂದರೆ ನಿನಗೇನಾದರೂ ಅಡ್ಡಿಯಾ?" ಅಂತ. ಕರ್ಟಿಸ್, "ಮಿಸ್ಟಿ ಬರ್ತಾಳಲ್ಲಪ್ಪಾ, ಇಲ್ಲೇ ಇದಾಳಲ್ಲ" ಅಂದ. ಮುದುಕ, "ಅವಳೂ ಬರಲಿ. ನನಗೆ ಮೊದಲು ಒಬ್ಬಳಿದ್ದಳು, ಈಗ ಇಬ್ಬರು. ನನ್ನ ಲೆಕ್ಕದಲ್ಲಿ ಯಾರೂ ಕಡಿಮೆಯಾಗಿಲ್ಲ" ಅಂದ. ಮಿಸ್ಟಿನೇ, "ಬರಲಿ ಬಿಡಿ, ನನಗೂ ಅವರನ್ನ ನೋಡಬೇಕು" ಅಂದಳು. ಒಳ್ಳೆ ಹುಡುಗಿ.

ಆರಾಮಾಗಿರುತ್ತೆ ಅಂತ ನಾನು ಹೇಳಲ್ಲ. ಆದರೂ ಬಾ.

ಲೈಲ್ ಗ್ರೂಬರ್


ಸಾಲ್ಮನ್ ಫೋರ್ಕ್
15 ನವೆಂಬರ್ 1996

ಮಾವ,

ಹಬ್ಬದ ಹಿಂದಿನ ದಿನ, ಬುಧವಾರ ಬೆಳಿಗ್ಗೆ ಹೊರಡುತ್ತೇನೆ. ಕಣಿವೆಯ ದಾರಿಯಲ್ಲಿ ಹಿಮ ಬಿದ್ದರೆ ತಡವಾಗುತ್ತದೆ, ಗಾಬರಿಯಾಗಬೇಡಿ. ಹೊಗೆಯಲ್ಲಿ ಒಣಗಿಸಿದ ಟ್ರೌಟ್ ಮೀನು ತರುತ್ತಿದ್ದೇನೆ, ನಾನೇ ಸಾಕಿದ್ದು. ಮಿಸ್ಟಿ ಮೀನು ತಿನ್ನುತ್ತಾಳೋ ಇಲ್ಲವೋ ಕೇಳಿಡಿ. ಬಾಣಂತಿ, ಬಲವಂತ ಮಾಡಬೇಡಿ.

ಇಲ್ಲಿಯ ಮೇಸ್ತ್ರಿಗೆ ನಾನು ಮೊದಲು ಪೊಲೀಸಾಗಿದ್ದೆ ಎಂದು ಹೇಳಿದೆ. ಯಾಕೆ ಬಿಟ್ಟೆ ಎಂದು ಕೇಳಿದ. ಅದನ್ನೂ ಹೇಳಿದೆ. ಅವನು ಟೋಪಿ ತೆಗೆದು, ಸ್ವಲ್ಪ ಹೊತ್ತು ಕೈಯಲ್ಲಿ ತಿರುಗಿಸಿ, ಮತ್ತೆ ಹಾಕಿಕೊಂಡು, ಉತ್ತರದ ತೊಟ್ಟಿಗೆ ಮೇವು ಹಾಕಿದೆಯಾ ಅಂದ.

ಊಟದ ಮೇಜಿನಲ್ಲಿ ನನ್ನನ್ನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿ. ಎದ್ದು ಹೋಗಬೇಕು ಅನ್ನಿಸಿದರೆ ಯಾರನ್ನೂ ದಾಟಿಕೊಂಡು ಹೋಗುವ ಹಾಗಾಗಬಾರದು. ಎದ್ದು ಹೋಗುವುದಿಲ್ಲ ಅಂದುಕೊಂಡಿದ್ದೇನೆ. ಆದರೂ ಅಲ್ಲೇ ಕೂರಿಸಿ.

ನಿಮ್ಮ
ಡಾರ್ಲಾ